ಲ್ಯಾಪ್‌ಟಾಪ್ ನಮ್ಮದು, ಹಿಂದಕ್ಕೆ ಹೋಗುವ ಹಕ್ಕು ಯಾರದು?

ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗಳು ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಅಣ್ಣ, ಇದಕ್ಕೆ ಹಳೇ ವಿಂಡೋಸೇ ಹಾಕಿಕೊಡು. ಈ ಹೊಸದರ ಸಹವಾಸ ಬೇಡ." ಬಿ.ಎಡ್ ಎರಡನೇ ವರ್ಷ ಓದ್ತಿದ್ದಾಳೆ, ಜೊತೆಗೆ ಟಿಇಟಿ ತಯಾರಿ. ಲ್ಯಾಪ್‌ಟಾಪ್ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ಯಾವುದೋ ಐಟಿ ಕಂಪನಿಯಲ್ಲಿ ನಾಲ್ಕೈದು ವರ್ಷ ದುಡಿದು, ನೂರಾರರ ಜೊತೆ ಲಾಟಿನಲ್ಲಿ ಮಾರಾಟವಾಗಿ, ಮೈ ಒರೆಸಿಕೊಂಡು ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ಬಂದ ಗಟ್ಟಿ ಕಪ್ಪು ಮಷೀನು. ಇಂಟೆಲ್ ಐ5, ಆರನೇ ತಲೆಮಾರು. 4 ಜಿಬಿ ರ್ಯಾಮ್. ಒಳಗೆ ಹಳೇ ಕಾಲದ ತಿರುಗುವ ಹಾರ್ಡ್ ಡಿಸ್ಕ್. ಅದರ ಮೇಲೆ ಅಂಗಡಿಯವನು ವಿಂಡೋಸ್ 11 ಕೂರಿಸಿದ್ದ. "ಲೇಟೆಸ್ಟ್ ಇದೆ ಮೇಡಂ" ಅಂದಿದ್ದನಂತೆ.

ಮೈಕ್ರೋಸಾಫ್ಟ್‌ನ ಪಟ್ಟಿಯ ಪ್ರಕಾರ ಆ ಮಷೀನಿಗೆ ವಿಂಡೋಸ್ 11 ಹಾಕುವಂತೆಯೇ ಇಲ್ಲ. ಇನ್‌ಸ್ಟಾಲ್ ಮಾಡುವಾಗ ನಡೆಯುವ ತಪಾಸಣೆಯನ್ನು ದಾಟಿಸುವ ಉಪಾಯಗಳು ಇವೆ, ಅಂಗಡಿಯವನು ಅದನ್ನೇ ಮಾಡಿದ್ದ. ಪರಿಣಾಮ, ಬೆಳಿಗ್ಗೆ ಪವರ್ ಬಟನ್ ಒತ್ತಿ, ಒಳಗೆ ಹೋಗಿ ಟೀ ಇಟ್ಟು, ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಇಂಜಿನಿಯರಿಂಗ್ ಮುಗಿಸಿ ಹತ್ತು ವರ್ಷ ದಾಟಿದೆ. ಓದಿದ್ದರಲ್ಲಿ ಇವತ್ತಿಗೂ ಮನೆಯವರ ಉಪಯೋಗಕ್ಕೆ ಬರೋದು ಇದೊಂದೇ, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕೋದು. "ಫೈಲ್‌ಗಳೆಲ್ಲ ಎಲ್ಲಿವೆ?" ಅಂದೆ. "ಡಿ ಡ್ರೈವ್‌ನಲ್ಲಿ" ಅಂದಳು. ಸರಿ, ಸಿ ಡ್ರೈವ್ ಅಳಿಸಿ ವಿಂಡೋಸ್ 10 ಹಾಕಿದೆ. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಆಮೇಲೆ ಡಿ ಡ್ರೈವ್ ಮೇಲೆ ಕ್ಲಿಕ್ ಮಾಡಿದರೆ ಬೀಗದ ಚಿತ್ರ! ತೆರೆಯಬೇಕಾದರೆ 48 ಅಂಕಿಯ ರಿಕವರಿ ಕೀ ಬೇಕು ಅಂತು.

ಆಗಿದ್ದು ಇಷ್ಟು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಅದು ಡ್ರೈವ್‌ಗಳನ್ನು ತಾನಾಗಿಯೇ ಗೂಢಲಿಪಿಗೆ ತಿರುಗಿಸಿಬಿಡುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನ ಕೈಗೆ ಫೈಲುಗಳು ಸಿಗಬಾರದು ಅಂತ. ಒಳ್ಳೆಯದೇ. ಆದರೆ ಬೀಗದ ಕೀ ಹೋಗಿ ಕೂರುವುದು ಮೊದಲು ಲಾಗಿನ್ ಆದವರ ಅಕೌಂಟಿನಲ್ಲಿ. ಮೊದಲು ಲಾಗಿನ್ ಆದವನು ಅಂಗಡಿಯ ಹುಡುಗ. ತನ್ನದೇ ಇಮೇಲ್‌ನಿಂದ ಎಲ್ಲ ಸೆಟ್ ಮಾಡಿ, ಆಮೇಲೆ ಇವಳ ಹೆಸರಲ್ಲಿ ಇನ್ನೊಂದು ಅಕೌಂಟ್ ಮಾಡಿಕೊಟ್ಟಿದ್ದ. ದುಡ್ಡು ಕೊಟ್ಟವರು ಚಿಕ್ಕಪ್ಪ, ಬಳಸುವವಳು ತಂಗಿ, ಕೀ ಇರೋದು ಎಸ್.ಪಿ. ರೋಡಿನಲ್ಲಿ.

ತಪ್ಪು ನನ್ನದೂ ಹೌದು. ಅಳಿಸುವ ಮುಂಚೆ ಒಮ್ಮೆ ಎನ್‌ಕ್ರಿಪ್ಷನ್ ಆನ್ ಆಗಿದೆಯಾ ಅಂತ ನೋಡಿ ಆಫ್ ಮಾಡಿದ್ದರೆ ಮುಗೀತಿತ್ತು. ನೋಡಲಿಲ್ಲ, ಗೊತ್ತಿದೆ ಅನ್ನೋ ಧಿಮಾಕು. ಎರಡು ದಿನ ಅವಳ ಪಾಠ ಯೋಜನೆಗಳು, ಟಿಇಟಿ ಟಿಪ್ಪಣಿಗಳು ಕಣ್ಣೆದುರಿಗೇ ಇದ್ದು ಕೈಗೆ ಸಿಗದೆ ಹೋದವು. ಅವಳು ಬಯ್ಯಲಿಲ್ಲ. ಸುಮ್ಮನಿದ್ದಳು, ಅದು ಇನ್ನೂ ಕಷ್ಟ. ಅಂಗಡಿಗೆ ಮೂರು ಸಲ ಫೋನ್ ಮಾಡಿದ ಮೇಲೆ ರಾತ್ರಿ ಆ ಹುಡುಗ ವಾಟ್ಸಾಪ್‌ನಲ್ಲಿ ತನ್ನ ಪರದೆಯ ಫೋಟೋ ಕಳಿಸಿದ. 48 ಅಂಕಿ ಟೈಪ್ ಮಾಡಿದೆ, ಬೀಗ ಬಿಚ್ಚಿತು. ಅದೇ ಫೋಟೋದಲ್ಲಿ ಕೆಳಗೆ ಇನ್ನೂ ಎಂಟು-ಹತ್ತು ಲ್ಯಾಪ್‌ಟಾಪ್‌ಗಳ ಹೆಸರು, ಕೀ ಸಾಲಾಗಿ ಕಾಣುತ್ತಿದ್ದವು. ಅವು ಈಗ ಯಾವ್ಯಾವ ಊರಿನ ಯಾರ್ಯಾರ ಮನೆಯಲ್ಲಿವೆಯೋ.

ನಮ್ಮ ಮನೆಯ ರಾಮಾಯಣ ಅಲ್ಲಿಗೆ ಮುಗೀತು. ಅದರ ಹಿಂದಿರುವ ಪ್ರಶ್ನೆ ಮುಗಿದಿಲ್ಲ. ನಾವು ಕೊಂಡ ಯಂತ್ರದಲ್ಲಿ ಯಾವ ಆವೃತ್ತಿಯ ತಂತ್ರಾಂಶ ಇರಬೇಕು ಅಂತ ತೀರ್ಮಾನಿಸುವವರು ಯಾರು?

ಮೊದಲು ಆ ಪಟ್ಟಿಯ ವಿಷಯ. ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರ್ 5ಕ್ಕೆ. ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು ಅಂತ ಷರತ್ತು. ಕಾರಣ ಭದ್ರತೆ, ಸ್ಥಿರತೆ ಎಂದಿತು ಮೈಕ್ರೋಸಾಫ್ಟ್. ನನ್ನ ತಂಗಿಯ ಮಷೀನಿನಲ್ಲಿ ಟಿಪಿಎಂ 2.0 ಇದೆ. ಅದಿರೋದಕ್ಕೇ ಅಲ್ವಾ ಡಿ ಡ್ರೈವ್‌ಗೆ ತಾನಾಗಿಯೇ ಬೀಗ ಬಿದ್ದಿದ್ದು! ಅಂದರೆ ಭದ್ರತೆಗೆ ಬೇಕಾದ ಚಿಪ್ ಇದೆ, ಪ್ರೊಸೆಸರ್ ಹುಟ್ಟಿದ ವರ್ಷ ಮಾತ್ರ ಸರಿಯಿಲ್ಲ.

ಇದಕ್ಕಿಂತ ತಮಾಷೆಯ ಕಥೆ ಏಳನೇ ತಲೆಮಾರಿನದು. 2016ರಲ್ಲಿ ಮೈಕ್ರೋಸಾಫ್ಟ್ ಒಂದು ನೀತಿ ಪ್ರಕಟಿಸಿತು. ಇನ್ನು ಮೇಲೆ ಬರುವ ಹೊಸ ಪ್ರೊಸೆಸರ್‌ಗಳಿಗೆ ವಿಂಡೋಸ್ 10 ಮಾತ್ರ ಅಂತ. 2017ರಿಂದ ಏಳನೇ ತಲೆಮಾರಿನ ಇಂಟೆಲ್ ಮೇಲೆ ವಿಂಡೋಸ್ 7 ಹಾಕಿಕೊಂಡವರಿಗೆ ಅಪ್‌ಡೇಟ್ ನಿಲ್ಲಿಸಿದರು. ಆಗ ವಿಂಡೋಸ್ 7ಕ್ಕೆ ಇನ್ನೂ ಮೂರು ವರ್ಷದ ಬೆಂಬಲ ಬಾಕಿ ಇತ್ತು. ನಿಮ್ಮ ಪ್ರೊಸೆಸರ್ ತೀರಾ ಹೊಸದು, ಹಾಗಾಗಿ ಹಿಂದಕ್ಕೆ ಹೋಗಬೇಡಿ ಅಂದರು. ನಾಲ್ಕೇ ವರ್ಷ. 2021ರಲ್ಲಿ ಅದೇ ಏಳನೇ ತಲೆಮಾರಿಗೆ, ಒಂದೆರಡು ಅಪವಾದ ಬಿಟ್ಟು, ನಿಮ್ಮ ಪ್ರೊಸೆಸರ್ ತೀರಾ ಹಳೆಯದು, ಮುಂದಕ್ಕೆ ಬರಬೇಡಿ ಅಂದರು. ಹಿಂದಿನ ಬಾಗಿಲೂ ಮುಚ್ಚಿ, ಮುಂದಿನ ಬಾಗಿಲೂ ಮುಚ್ಚಿ, ನಡುಮನೆಯಲ್ಲಿ ಕೂರಿಸಿದ ಹಾಗೆ. ಆ ನಡುಮನೆಯ ಹೆಸರು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವೂ ನಿಂತಿತು. ಹೀಗೆ ಅತ್ತಲೂ ಇತ್ತಲೂ ಅಲ್ಲದೆ ಉಳಿಯುವ ಕಂಪ್ಯೂಟರ್‌ಗಳಲ್ಲಿ ಸುಮಾರು 24 ಕೋಟಿ ಇ-ತ್ಯಾಜ್ಯವಾಗಬಹುದು ಎಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಲಿಸ್ 2023ರಲ್ಲೇ ಅಂದಾಜು ಮಾಡಿತ್ತು.

ಹಳೇ ಆವೃತ್ತಿಗೆ ಮರಳುವುದು ಹೊಸ ಚಾಳಿಯೇನಲ್ಲ. 2007ರಲ್ಲಿ ವಿಸ್ಟಾ ಬಂದಾಗ ಅದು ಬೇಡ, ಎಕ್ಸ್‌ಪಿಯೇ ಸಾಕು ಅಂದ ಗಿರಾಕಿಗಳಿಗಾಗಿ ಕಂಪ್ಯೂಟರ್ ಕಂಪನಿಗಳೇ ಎಕ್ಸ್‌ಪಿ ಹಾಕಿಕೊಡುವ ವ್ಯವಸ್ಥೆ ಮಾಡಿಕೊಂಡವು. 2015ರಲ್ಲಿ ವಿಂಡೋಸ್ 10 ಬಂದಾಗ ಜನ 7ಕ್ಕೆ ವಾಪಸ್ ಹೋದರು. ಆಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸ ಏಜೆನ್ಸಿ ನಡೆಸುವ ಒಬ್ಬ ಮಹಿಳೆ, ಕೇಳದೇ ಬಂದ ಅಪ್‌ಗ್ರೇಡ್‌ನಿಂದ ತನ್ನ ಕಂಪ್ಯೂಟರ್ ಕೆಟ್ಟಿತು ಅಂತ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿ 10,000 ಡಾಲರ್ ಪರಿಹಾರ ಪಡೆದಳು. ಈಗ ಅದೇ 10 ಎಲ್ಲರಿಗೂ ಬೇಕಾದ ಹಳೇ ಮನೆ. ನಾಳೆ 11ರ ಬಗ್ಗೆಯೂ ಹೀಗೇ ಹಂಬಲಿಸುತ್ತೇವೋ ಏನೋ. ಅಭ್ಯಾಸದ ಬಲ ಇದರಲ್ಲಿ ಇದೆ, ಒಪ್ಪುತ್ತೇನೆ.

ಆದರೆ ಎಲ್ಲವೂ ಅಭ್ಯಾಸವಲ್ಲ. ಇದಕ್ಕೆ ನಮ್ಮ ಊರಿನ ಪ್ರಿಂಟಿಂಗ್ ಪ್ರೆಸ್ ನೋಡಬೇಕು. ಲಗ್ನಪತ್ರಿಕೆ, ಬಿಲ್ ಬುಕ್, ತಿಥಿ ಕಾರ್ಡು, ಪಂಚಾಯ್ತಿ ಎಲೆಕ್ಷನ್ ಬಂದರೆ ಕರಪತ್ರ, ಎಲ್ಲ ಅಲ್ಲೇ. ಅಲ್ಲಿನ ಕಂಪ್ಯೂಟರ್‌ನಲ್ಲಿ ಇವತ್ತಿಗೂ ವಿಂಡೋಸ್ 7, ಪೇಜ್‌ಮೇಕರ್ 7.0, ನುಡಿ. ಎರಡು ವರ್ಷದ ಹಿಂದೆ ಹೊಸ ಲ್ಯಾಪ್‌ಟಾಪ್ ತಂದಿದ್ದರು. ವಾರದಲ್ಲಿ ಅದು ಮಗನ ಪಾಲಾಯಿತು, ಅಣ್ಣ ಮತ್ತೆ ಹಳೇ ಮಷೀನಿನ ಮುಂದೆ. "ಇಪ್ಪತ್ತು ವರ್ಷದ ಮ್ಯಾಟರ್ ಎಲ್ಲ ಇದರಲ್ಲೇ ಐತೆ ಕಣಪ್ಪ. ಅದರಲ್ಲಿ ಓಪನ್ ಮಾಡಿದ್ರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ" ಅಂದರು.

ಅವರು ಹೇಳಿದ್ದರಲ್ಲಿ ಕನ್ನಡದ ಒಂದು ಹಳೇ ಸಾಲ ಇದೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಎಲ್ಲವೂ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿ ಕೆಲಸ ನಡೆಸಿದವು. ತಲೆಕಟ್ಟು ಒಂದು ಚೂರು, ದೀರ್ಘ ಒಂದು ಚೂರು, ಒತ್ತಕ್ಷರ ಇನ್ನೊಂದು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗಜಿಬಿಜಿ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ, ವಿಂಡೋಸ್‌ನಲ್ಲಿ ಅದು ಕಾಣತೊಡಗಿದ್ದು ಎಕ್ಸ್‌ಪಿ ಕಾಲಕ್ಕೆ, 2001ರಲ್ಲಿ. ಆದರೆ ಮುದ್ರಣದವರು ಬಳಸುವ ಇನ್‌ಡಿಸೈನ್‌ಗೆ ಭಾರತೀಯ ಲಿಪಿಗಳು ನೆಟ್ಟಗೆ ಬಂದಿದ್ದು ಸಿಎಸ್6 ಜೊತೆಗೆ, 2012ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಡಿಟಿಪಿ ಆಪರೇಟರ್‌ಗಳು ಕಲಿತು, ಫೈಲುಗಳ ರಾಶಿ ಹಾಕಿ ಆಗಿತ್ತು. ಪರಿವರ್ತಕಗಳಿವೆ ನಿಜ. ಒತ್ತು, ಅರ್ಕಾವೊತ್ತು ತಪ್ಪಿದ ಕಡೆ ಕೂತು ತಿದ್ದಬೇಕು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಅರ್ಕಾವೊತ್ತು ಹಾರಿಹೋದರೆ ಬೈಸಿಕೊಳ್ಳೋರು ಸಾಫ್ಟ್‌ವೇರ್ ಕಂಪನಿಯವರಲ್ಲ.

ಆದ್ದರಿಂದ ಆ ಅಣ್ಣ ಹಳೇದಕ್ಕೆ ಅಂಟಿಕೊಂಡಿರುವುದನ್ನು ಅಜ್ಞಾನ ಅನ್ನಲಾರೆ. ಅವರಿಗೆ ಕಂಪ್ಯೂಟರ್ ಅಂದರೆ ಒಂದು ಹತಾರ. ಹತಾರ ಬದಲಾಯಿಸುವ ಖರ್ಚನ್ನು ಬದಲಾಯಿಸು ಅನ್ನುವವರು ಯಾವತ್ತೂ ಕೊಟ್ಟಿಲ್ಲ.

ಹಾಗಂತ ಎಲ್ಲರೂ ಹಿಂದಕ್ಕೆ ಹೋಗಿ ಅಂತಲೂ ಬರೆಯಲಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ರ್ಯಾನ್ಸಮ್‌ವೇರ್ ಹಬ್ಬಿದಾಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು, ಪಕ್ಕದ ಆಂಧ್ರಪ್ರದೇಶದ ಪೊಲೀಸರ ಕಂಪ್ಯೂಟರ್‌ಗಳಿಗೂ ತಗುಲಿತು. ಆ ಬಿರುಕಿಗೆ ಎರಡು ತಿಂಗಳ ಮುಂಚೆಯೇ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬೆಂಬಲ ನಿಂತ ಎಕ್ಸ್‌ಪಿಗೆ ಆ ತೇಪೆ ಬಂದಿದ್ದು ದಾಳಿ ಶುರುವಾದ ಮೇಲೆ. ನಮ್ಮ ಪ್ರೆಸ್ಸಿನ ಮಷೀನಿಗೆ ದಿನಕ್ಕೆ ಹತ್ತು ಜನರ ಪೆನ್‌ಡ್ರೈವ್ ಬೀಳುತ್ತದೆ. ವಿಂಡೋಸ್ 7ಕ್ಕೆ ಕ್ರೋಮ್ ಬ್ರೌಸರ್ ಕೂಡ 2023ರಲ್ಲೇ ಕೈಬಿಟ್ಟಿದೆ. ಇಂಟರ್‌ನೆಟ್ ತಂತಿ ಕಿತ್ತು, ಬರೀ ಪುಟ ಕಟ್ಟಲು ಬಳಸಿ ಅಂತ ಹೇಳಿ ಬಂದಿದ್ದೇನೆ. ತಲೆ ಆಡಿಸಿದ್ದಾರೆ. ಮಾಡುವುದಿಲ್ಲ, ಗೊತ್ತು. ಗಿರಾಕಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾನಲ್ಲ.

ಭದ್ರತೆ ಸುಳ್ಳಲ್ಲ. ಆದರೆ ಭದ್ರತೆಯ ತೇಪೆಯನ್ನೂ ಹೊಸ ವಿನ್ಯಾಸವನ್ನೂ ಒಂದೇ ಪೊಟ್ಟಣ ಕಟ್ಟಿ, ಬೇಕಾದರೆ ಎರಡೂ ತಗೋ, ಇಲ್ಲದಿದ್ದರೆ ಎರಡೂ ಬಿಡು ಅನ್ನುವುದು ವ್ಯಾಪಾರದ ತೀರ್ಮಾನ. ಬಿಡಿಯಾಗಿ ಕೊಡಬಹುದು ಅನ್ನುವುದಕ್ಕೆ ಸಾಕ್ಷಿ ಮೈಕ್ರೋಸಾಫ್ಟೇ. ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೂ 2026ರ ಅಕ್ಟೋಬರ್ 13ರವರೆಗೆ ಸಾಮಾನ್ಯ ಬಳಕೆದಾರರಿಗೆ ಭದ್ರತಾ ತೇಪೆ ಕೊಡುವ ಯೋಜನೆ ಪ್ರಕಟಿಸಿತು. ಅದಕ್ಕೆ ನಾವು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಬೇಕು. ಆಮೇಲೆ 30 ಡಾಲರ್ ಕೊಡಬೇಕು, ಇಲ್ಲವೇ ಕಂಪನಿಯ 1,000 ರಿವಾರ್ಡ್ಸ್ ಪಾಯಿಂಟ್ ಕೊಡಬೇಕು, ಅದೂ ಇಲ್ಲದಿದ್ದರೆ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಬೇಕು. ಯೂರೋಪಿನಲ್ಲಿ? ಅಲ್ಲಿ ಯೂರೋಕನ್ಸ್ಯೂಮರ್ಸ್ ಅನ್ನೋ ಗ್ರಾಹಕ ಸಂಘಟನೆ ಈ ಷರತ್ತುಗಳನ್ನು ಪ್ರಶ್ನಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಮಣಿಯಿತು. ಯೂರೋಪಿನ ಆರ್ಥಿಕ ವಲಯದ ಗ್ರಾಹಕರಿಗೆ ದುಡ್ಡೂ ಬೇಡ, ಬ್ಯಾಕಪ್ಪೂ ಬೇಡ, ಲಾಗಿನ್ ಆದರೆ ಸಾಕು. ಅದೇ ತೇಪೆ, ಅದೇ ಬಿರುಕು, ಅದೇ ವೈರಸ್ಸು. ಪ್ಯಾರಿಸ್ಸಿಗೆ ಪುಕ್ಕಟೆ, ಪಾವಗಡಕ್ಕೆ ಷರತ್ತು.

ಹಿಂದಕ್ಕೆ ಹೋಗುವ ಹಕ್ಕಿನಲ್ಲೂ ಇದೇ ಪಂಕ್ತಿಭೇದ. ವಿಂಡೋಸ್ 11 ಪ್ರೊ ಇರುವ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ವಿಂಡೋಸ್ 10 ಪ್ರೊಗೆ ಮರಳುವ ಹಕ್ಕನ್ನು, 10ರ ಬೆಂಬಲ ನಿಲ್ಲುವವರೆಗೆ, ಲೈಸೆನ್ಸ್ ಒಪ್ಪಂದವೇ ಕೊಡುತ್ತಿತ್ತು. ಹೋಮ್ ಆವೃತ್ತಿಗೆ ಆ ಹಕ್ಕಿರಲಿಲ್ಲ. ಪ್ರೊ ಕೊಳ್ಳುವುದು ಕಂಪನಿಗಳು, ಹೋಮ್ ಕೊಳ್ಳುವುದು ವಿದ್ಯಾರ್ಥಿಗಳು. 10ರಿಂದ 11ಕ್ಕೆ ಅಪ್‌ಗ್ರೇಡ್ ಮಾಡಿದವರು ಮನಸ್ಸು ಬದಲಾಯಿಸಿ ಒಂದೇ ಗುಂಡಿ ಒತ್ತಿ ವಾಪಸ್ ಬರಬಹುದು ನಿಜ, ಆದರೆ ಹತ್ತೇ ದಿನದೊಳಗೆ. 2015ರಲ್ಲಿ ಇದಕ್ಕೆ ಒಂದು ತಿಂಗಳು ಕೊಡುತ್ತಿದ್ದರು, ಮರುವರ್ಷವೇ ಹತ್ತಕ್ಕಿಳಿಸಿದರು. ಫೋನ್‌ಗಳ ಕಥೆ ಇನ್ನೂ ಬಿಗಿ. ಹೊಸ ಐಓಎಸ್ ಬಂದ ಸ್ವಲ್ಪ ದಿನಕ್ಕೆ ಆಪಲ್ ಹಳೆಯದಕ್ಕೆ ಸಹಿ ಹಾಕುವುದನ್ನು ನಿಲ್ಲಿಸುತ್ತದೆ. ಆ ಡಿಜಿಟಲ್ ಸಹಿ ಇಲ್ಲದೆ ಐಫೋನ್ ಹಳೇ ಆವೃತ್ತಿಯನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಇದು ಬರೀ ಟೆಕ್ ಹುಡುಗರ ಗೊಣಗಾಟವಲ್ಲ ಅಂತ ಕಾನೂನಿನ ಭಾಷೆಯಲ್ಲಿ ಮೊದಲು ಹೇಳಿದವರಲ್ಲಿ ಇಟಲಿ ಒಂದು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ತಾಳಲಾರದ ಹಳೇ ಫೋನ್‌ಗಳಿಗೆ ಅಪ್‌ಡೇಟ್ ಹಾಕಿಸಿ, ಮೊದಲಿನ ಸ್ಥಿತಿಗೆ ಮರಳುವ ದಾರಿಯನ್ನೂ ಕೊಡಲಿಲ್ಲ ಅನ್ನುವುದು ಆರೋಪದ ತಿರುಳು. 2020ರ ಫೆಬ್ರುವರಿಯಲ್ಲಿ ಫ್ರಾನ್ಸ್ ಆಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು. ಅಪ್‌ಡೇಟ್ ಫೋನನ್ನು ನಿಧಾನ ಮಾಡಬಹುದು ಅಂತ ಹೇಳಲಿಲ್ಲ, ಹಿಂದಿನ ಆವೃತ್ತಿಗೆ ಹೋಗಲಾಗದೆ ಜನ ಬ್ಯಾಟರಿ ಇಲ್ಲವೇ ಫೋನನ್ನೇ ಬದಲಾಯಿಸಬೇಕಾಯಿತು ಅಂತ ಅಲ್ಲಿನ ಗ್ರಾಹಕ ಇಲಾಖೆ ಸ್ಪಷ್ಟವಾಗಿ ಬರೆಯಿತು. ಐರೋಪ್ಯ ಒಕ್ಕೂಟದ 2019ರ ಡಿಜಿಟಲ್ ವಸ್ತು-ಸೇವೆಗಳ ನಿರ್ದೇಶನದ 19ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ. ಒಂದು ಬದಲಾವಣೆಯಿಂದ ಗ್ರಾಹಕರ ಬಳಕೆಗೆ ಗಣನೀಯ ತೊಂದರೆಯಾದರೆ 30 ದಿನದೊಳಗೆ ಒಪ್ಪಂದವನ್ನೇ ಮುರಿದುಕೊಳ್ಳಬಹುದು. ಕಂಪನಿ ಇದರಿಂದ ತಪ್ಪಿಸಿಕೊಳ್ಳಬೇಕಾದರೆ ಬದಲಾವಣೆ ಇಲ್ಲದ ಆವೃತ್ತಿಯನ್ನು ಹೆಚ್ಚುವರಿ ದುಡ್ಡಿಲ್ಲದೆ ಉಳಿಸಿಕೊಳ್ಳಲು ಬಿಡಬೇಕು. ನನ್ನ ತಂಗಿ ಕೇಳಿದ್ದು ಇದನ್ನೇ ಅಲ್ವಾ?

ನಮ್ಮಲ್ಲಿ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. 2025ರ ಮೇನಲ್ಲಿ ದುರಸ್ತಿ ಸೂಚ್ಯಂಕದ ವರದಿಯೂ ಬಂತು. ಫೋನು, ಟ್ಯಾಬ್ಲೆಟ್‌ಗಳಿಂದ ಶುರು, ತಂತ್ರಾಂಶದ ಅಪ್‌ಡೇಟ್ ಕೂಡ ಅದರಲ್ಲೊಂದು ಮಾನದಂಡ. ಸ್ವಾಗತವೇ. ಆದರೆ ಅಪ್‌ಡೇಟ್ ಸಿಗುವ ಹಕ್ಕು ಬೇರೆ, ಬೇಡ ಅನ್ನುವ ಹಕ್ಕು ಬೇರೆ. 2025ರ ಜನವರಿಯಲ್ಲಿ ಐಓಎಸ್ 18ರ ನಂತರ ಫೋನ್ ತೊಂದರೆ ಕೊಡುತ್ತಿದೆ ಎಂಬ ದೂರುಗಳ ಮೇಲೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆಪಲ್‌ಗೆ ನೋಟಿಸ್ ಕೊಟ್ಟಿದೆ ಅಂತ ಇಲಾಖೆಯ ಸಚಿವ, ನಮ್ಮ ಧಾರವಾಡದ ಸಂಸದ ಪ್ರಹ್ಲಾದ ಜೋಶಿಯವರೇ ಹೇಳಿದರು. ದೂರು ಬಂದಾಗ ಕೊಡುವ ನೋಟಿಸ್‌ಗೂ ಕಾನೂನಿನಲ್ಲೇ ಬರೆದಿಟ್ಟ ಹಕ್ಕಿಗೂ ಅಂತರ ಇದೆ. ಕೈಲಾಗುವುದಿಲ್ಲ ಅನ್ನುವ ಹಾಗೂ ಇಲ್ಲ. ಆಂಡ್ರಾಯ್ಡ್ ವಿಷಯದಲ್ಲಿ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ನಮ್ಮದೇ ಸ್ಪರ್ಧಾ ಆಯೋಗ.

ರಾಜ್ಯ ಸರ್ಕಾರಕ್ಕೂ ಇದರಲ್ಲಿ ಪಾಲಿದೆ. ಕಳೆದ ದಶಕದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಿದೆವು, ಮೊದಲು ಪರಿಶಿಷ್ಟರಿಗೆ, ಆಮೇಲೆ ಸರ್ಕಾರಿ ಕಾಲೇಜಿನ ಮೊದಲ ವರ್ಷದವರಿಗೆಲ್ಲ. ಹಂಚುವ ದಿನ ಫೋಟೋ ಇತ್ತು, ಮುಖ್ಯಮಂತ್ರಿ ಇದ್ದರು. ಟೆಂಡರಿನಲ್ಲಿ ರ್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಗಂಟೆ ಅಂತ ಬರೆಯುವವರು, ಇಷ್ಟು ವರ್ಷ ಭದ್ರತಾ ತೇಪೆ ಕೊಡಬೇಕು, ಹಿಂದಿನ ಆವೃತ್ತಿಗೆ ಮರಳಲು ಬಿಡಬೇಕು, ಎನ್‌ಕ್ರಿಪ್ಷನ್ ಕೀ ವಿದ್ಯಾರ್ಥಿಯ ಕೈಲಿರಬೇಕು ಅಂತ ಮೂರು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಡ. ಲಕ್ಷಗಟ್ಟಲೆ ಯಂತ್ರ ಕೊಳ್ಳುವವರಿಗೆ ಇರುವ ಚೌಕಾಸಿಯ ಶಕ್ತಿ ಎಸ್.ಪಿ. ರೋಡಿನಲ್ಲಿ ನಿಂತ ಚಿಕ್ಕಪ್ಪನಿಗೆ ಇಲ್ಲ.

ಲಿನಕ್ಸ್ ಯಾಕಲ್ಲ ಅಂತ ನಿಮ್ಮಲ್ಲಿ ಅರ್ಧ ಜನ ಇಷ್ಟೊತ್ತಿಗೆ ಕೇಳಿರುತ್ತೀರಿ. ನಾನೂ ಕೇಳಿದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ನಡೆಯುತ್ತಿವೆ, ಅಲ್ಲಿನ ಕೈಟ್ ಸಂಸ್ಥೆ ಮಕ್ಕಳಿಗಾಗಿ ತನ್ನದೇ ಲಿನಕ್ಸ್ ಕಟ್ಟಿದೆ. ಕಗಪ ಕೀಲಿಮಣೆ ಲಿನಕ್ಸ್‌ನೊಳಗೇ ಬರುತ್ತದೆ, ನುಡಿ ಕಲಿತವರಿಗೆ ಬೆರಳು ತಡವರಿಸುವುದಿಲ್ಲ. ಆದರೆ ಕೇರಳದ ಮಗು ಲಿನಕ್ಸ್ ಕಲಿತಿದ್ದು ಶಾಲೆಯಲ್ಲಿ, ಮೇಷ್ಟ್ರು ಕಲಿತ ಮೇಲೆ. ನನ್ನ ತಂಗಿ ಪರೀಕ್ಷೆ ಹತ್ತಿರ ಇಟ್ಟುಕೊಂಡು ಒಬ್ಬಳೇ ಕಲಿಯಬೇಕು, ತೊಂದರೆ ಬಂದರೆ ಮುನ್ನೂರು ಕಿಲೋಮೀಟರ್ ಆಚೆ ಇರುವ ಅಣ್ಣನಿಗೆ ಫೋನ್ ಮಾಡಬೇಕು. "ಟಿಇಟಿ ಆಗ್ಲಿ, ಆಮೇಲೆ ನೋಡೋಣ" ಅಂದಳು. ಆ ಅಣ್ಣನ ಮೇಲೆ ಈಗ ಎಷ್ಟು ನಂಬಿಕೆ ಉಳಿದಿದೆ ಅಂತಲೂ ಕೇಳುವ ಹಾಗಿರಲಿಲ್ಲ.

ಸದ್ಯಕ್ಕೆ ವಿಂಡೋಸ್ 10 ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, ಇನ್ನೊಂದು 4 ಜಿಬಿ ರ್ಯಾಮ್ ಸೇರಿಸಿದೆ. ಟೀ ಇಡಲು ಎದ್ದು ಹೋಗುವಷ್ಟು ಹೊತ್ತು ಈಗ ಸಿಗುವುದಿಲ್ಲ. ಒಂದು ವರ್ಷದ ತೇಪೆ ಯೋಜನೆಗೆ ಸೇರಿಸುವಾಗ ಅದು ಮೈಕ್ರೋಸಾಫ್ಟ್ ಅಕೌಂಟ್ ಕೇಳಿತು. ನನ್ನ ಇಮೇಲ್ ಟೈಪ್ ಮಾಡಲು ಹೊರಟವನ ಕೈ ಸರಿಸಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ತನ್ನ ಹೆಸರಲ್ಲೇ ಹೊಸ ಅಕೌಂಟ್ ಮಾಡಿ, ಪಾಸ್‌ವರ್ಡನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡು, ಹಾಳೆ ಮಡಿಚಿಟ್ಟಳು. ನನಗೆ ತೋರಿಸಲಿಲ್ಲ.